ಸ್ಮಿತ್ ಸಂಖ್ಯೆಯ ಜೊತೆ ಅದರ ಪರೀಕ್ಷೆಯನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನ ಹತ್ತಿರ ಬಂದಾಗ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ಸಂಖ್ಯೆಗಳ ವಿಸ್ಮಯಗಳು ಅಚ್ಚಾಗುತ್ತವೆ. 1729, 6174, ಹರ್ಷದ್ ಸಂಖ್ಯೆ, ಸ್ಮಿತ್ ಸಂಖ್ಯೆ. ಇವು ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ತಲುಪುವುದು ಬಹಳ ಒಳ್ಳೆಯದು. ಆದರೆ ಇಂಥ ಬರಹಗಳಲ್ಲಿ ಹೆಚ್ಚಿನವು ಒಂದೆರಡು ಸಂಖ್ಯೆ ತೋರಿಸಿ ‘ಎಷ್ಟು ಸೋಜಿಗ’ ಎನ್ನುವಲ್ಲಿಗೆ ನಿಂತುಬಿಡುತ್ತವೆ. ಯಾವ ಸಂಖ್ಯೆ ಈ ಸಾಲಿಗೆ ಸೇರುತ್ತದೆ, ಯಾವುದು ಸೇರಲಾರದು, ಏಕೆ ಸೇರಲಾರದು, ಮಗು ತಾನೇ ಹುಡುಕಲು ಕೂತರೆ ಎಲ್ಲಿ ತಪ್ಪುತ್ತದೆ ಎಂಬ ಭಾಗ ಇರುವುದಿಲ್ಲ. ಗಣಿತ ಶುರುವಾಗುವುದೇ ಆ ಭಾಗದಿಂದ. ಸ್ಮಿತ್ ಸಂಖ್ಯೆಯನ್ನೇ ತೆಗೆದುಕೊಂಡು ಏನೇನು ಅಚ್ಚಾಗಬೇಕು ಎಂದು ವಿವರವಾಗಿ ಬರೆಯುತ್ತಿದ್ದೇನೆ. ಆರನೇ ತರಗತಿಯ ಅಪವರ್ತನ ಮತ್ತು 9ರ ಭಾಜ್ಯತೆಯ ನಿಯಮ ಗೊತ್ತಿರುವ ಮಗುವಿಗೆ ಇದರ ಮುಕ್ಕಾಲು ಭಾಗ ಅರ್ಥವಾಗುತ್ತದೆ.

ಮೊದಲು ನಿಯಮ. ಒಂದು ಸಂಯುಕ್ತ ಸಂಖ್ಯೆಯನ್ನು, ಅಂದರೆ 1 ಮತ್ತು ತನ್ನಿಂದಲ್ಲದೆ ಬೇರೆ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗುವಂಥದ್ದನ್ನು, ತೆಗೆದುಕೊಳ್ಳಿ. ಅದರ ಅಂಕಿಗಳನ್ನು ಕೂಡಿ. ಆಮೇಲೆ ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಪೂರ್ತಿ ಒಡೆದು, ಪ್ರತಿ ಅಪವರ್ತನವನ್ನೂ ಅದು ಎಷ್ಟು ಸಲ ಬಂದಿದೆಯೋ ಅಷ್ಟು ಸಲ ಬರೆದು, ಆ ಅಪವರ್ತನಗಳ ಅಂಕಿಗಳನ್ನು ಕೂಡಿ. ಎರಡು ಮೊತ್ತವೂ ಒಂದೇ ಆದರೆ ಅದು ಸ್ಮಿತ್ ಸಂಖ್ಯೆ. 378ನ್ನು ನೋಡಿ: 3+7+8 = 18. ಒಡೆದರೆ 2×3×3×3×7, ಕೂಡಿದರೆ 2+3+3+3+7 = 18. ಅವಿಭಾಜ್ಯ ಸಂಖ್ಯೆಗೆ ತಾನೇ ತನ್ನ ಏಕೈಕ ಅವಿಭಾಜ್ಯ ಅಪವರ್ತನವಾದ್ದರಿಂದ ಎರಡು ಮೊತ್ತವೂ ತಾನಾಗಿ ಸಮವಾಗುತ್ತವೆ. ಅದರಲ್ಲಿ ವಿಶೇಷವಿಲ್ಲ, ಹಾಗಾಗಿ ಅವಿಭಾಜ್ಯಗಳನ್ನು ಹೊರಗಿಡುತ್ತಾರೆ. 1ಕ್ಕೆ ಅವಿಭಾಜ್ಯ ಅಪವರ್ತನವೇ ಇಲ್ಲ, ಅದೂ ಹೊರಗೆ. ನೂರರೊಳಗೆ ಇಂಥವು ಆರೇ: 4, 22, 27, 58, 85, 94. ಸಾವಿರದೊಳಗೆ 49, ಹತ್ತು ಸಾವಿರದೊಳಗೆ 376, ಲಕ್ಷದೊಳಗೆ 3294, ಹತ್ತು ಲಕ್ಷದೊಳಗೆ 29,928.

ಹೆಸರಿನ ಕಥೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಗಣಿತಜ್ಞ ಆಲ್ಬರ್ಟ್ ವಿಲಾನ್‌ಸ್ಕಿ 1982ರಲ್ಲಿ ಇದನ್ನು ಪ್ರಕಟಿಸಿದರು. ಅವರ ಸಂಬಂಧಿ ಸ್ಮಿತ್ ಎಂಬವರ ದೂರವಾಣಿ ಸಂಖ್ಯೆ 4937775ಕ್ಕೆ ಈ ಗುಣವಿತ್ತು. ಆದರೆ ಈ ಸಂಖ್ಯೆಯನ್ನು ಪರೀಕ್ಷಿಸುವ ಕೆಲಸ ಕಥೆಗಿಂತ ಮುಖ್ಯ. ಅಂಕಿಗಳ ಮೊತ್ತ 42. ಕೊನೆಯಲ್ಲಿ 5 ಇದೆ, 5ರಿಂದ ಭಾಗಿಸಿದರೆ 987555, ಇನ್ನೊಮ್ಮೆ ಭಾಗಿಸಿದರೆ 197511. ಇದರ ಅಂಕಿಗಳ ಮೊತ್ತ 24, ಅಂದರೆ 3ರಿಂದ ಹೋಗುತ್ತದೆ: 65837. ಇದು ಅವಿಭಾಜ್ಯವೇ? 256ರ ವರ್ಗ 65536, 257ರ ವರ್ಗ 66049. ಆದ್ದರಿಂದ 256ರೊಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. 251ರ ತನಕ ಅಂಥವು 54 ಇವೆ; 2, 3, 5 ಕಣ್ಣಿಗೇ ತಿಳಿಯುವುದರಿಂದ ಉಳಿಯುವುದು 51 ಭಾಗಾಕಾರ. ಯಾವುದರಿಂದಲೂ ನಿಶ್ಶೇಷವಾಗಿ ಹೋಗುವುದಿಲ್ಲ. 3+5+5 ಸೇರಿ 13, 6+5+8+3+7 ಸೇರಿ 29, ಒಟ್ಟು 42. ವರ್ಗಮೂಲದ ತನಕ ನೋಡಿದರೆ ಸಾಕು ಎಂಬ ಮಾತು ಪಠ್ಯಪುಸ್ತಕದಲ್ಲಿ ಒಂದು ವಾಕ್ಯವಾಗಿ ಉಳಿಯುತ್ತದೆ. ಇಂಥ ಲೆಕ್ಕ ಕೈಯಾರೆ ಮಾಡಿದಾಗ ಅದರ ಬೆಲೆ ಮಗುವಿಗೆ ಗೊತ್ತಾಗುತ್ತದೆ.

ಈಗ ತಪ್ಪುಗಳು. ಅತಿ ಸಾಮಾನ್ಯವಾದದ್ದು, ಅಪವರ್ತನ ಎಷ್ಟು ಸಲ ಬಂದಿದೆ ಎಂಬುದನ್ನು ಬಿಡುವುದು. 27ರಲ್ಲಿ 3ನ್ನು ಒಂದೇ ಸಲ ಕೂಡಿದರೆ 3 ಬರುತ್ತದೆ, 9 ಬರುವುದಿಲ್ಲ. ಹೀಗೆ ಲೆಕ್ಕ ಹಾಕಿದರೆ ನೂರರೊಳಗೆ 4 ಮತ್ತು 27 ಮಾಯವಾಗಿ, ಅವುಗಳ ಜಾಗಕ್ಕೆ 84 ಬಂದು ಕೂರುತ್ತದೆ (8+4 = 12, 2+3+7 = 12). ಆಗ ಸಿಗುವ 22, 58, 84, 85, 94 ಎಂಬುದು ಬೇರೆಯೇ ಒಂದು ಅನುಕ್ರಮ. ಅದಕ್ಕೂ ಹೆಸರಿದೆ, ಹೋಕ್ಸ್ ಸಂಖ್ಯೆಗಳು. ಮಗುವಿನ ಉತ್ತರದಲ್ಲಿ 84 ಕಂಡಿತೆಂದರೆ ತಪ್ಪು ಎಲ್ಲಾಗಿದೆ ಎಂದು ಶಿಕ್ಷಕರು ಆ ಕ್ಷಣವೇ ಹೇಳಬಹುದು. ಎರಡನೆಯದು, ಅಪವರ್ತನದ ಅಂಕಿಗಳ ಬದಲು ಅಪವರ್ತನವನ್ನೇ ಕೂಡುವುದು: 58ಕ್ಕೆ 2+29 = 31 ಎಂದು ಬರೆದು ‘ಇದಲ್ಲ’ ಎಂದು ಬಿಡುತ್ತಾರೆ; ಕೂಡಬೇಕಾದದ್ದು 2+2+9 = 13. ಇನ್ನೊಂದು, ಒಡೆಯುವುದನ್ನು ಅರ್ಧಕ್ಕೆ ನಿಲ್ಲಿಸುವುದು. 391 ನೋಡಲು ಅವಿಭಾಜ್ಯದಂತೆ ಕಾಣುತ್ತದೆ, ಆದರೆ ಅದು 17×23. 319 ಎಂದರೆ 11×29, 517 ಎಂದರೆ 11×47. ಈ ಮೂರೂ ಸ್ಮಿತ್ ಸಂಖ್ಯೆಗಳೇ, ಮೂರೂ ಅವಸರದಲ್ಲಿ ಕೈತಪ್ಪುವಂಥವು.

ಘಾತಸೂಚಿಯಿಂದ ಆಗುವ ತಪ್ಪಿನಲ್ಲಿ ಪತ್ರಿಕೆಯ ಪಾಲೂ ಇದೆ. 728ನ್ನು 2³×7×13 ಎಂದು ಬರೆದಾಗ ಕೆಲವು ಮಕ್ಕಳು ಮೇಲಿನ 3ನ್ನೂ ಒಂದು ಅಂಕಿ ಎಂದು ಕೂಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಅಚ್ಚಿನಲ್ಲಿ ಆಗುತ್ತದೆ: ಹಳೆಯ ಅಕ್ಷರವಿನ್ಯಾಸದಿಂದ ಯುನಿಕೋಡ್‌ಗೆ ಬದಲಿಸುವಾಗ, ಅಥವಾ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಮೇಲಿನ ಅಂಕಿ ಕೆಳಗಿಳಿದು 2³ ಎನ್ನುವುದು 23 ಆಗಿಬಿಡುತ್ತದೆ. 23×7×13 ಎಂದರೆ 2093. ಓದುವ ಮಗುವಿಗೆ ಇಡೀ ಲೆಕ್ಕವೇ ಸುಳ್ಳಾಗಿ ಕಾಣುತ್ತದೆ. ಆದ್ದರಿಂದ ವಿದ್ಯಾರ್ಥಿ ಪುಟದಲ್ಲಿ ಘಾತಸೂಚಿಯೇ ಬೇಡ, 2×2×2×7×13 ಎಂದೇ ಬಿಡಿಸಿ ಅಚ್ಚು ಮಾಡಿ. ಎಷ್ಟು ಸಲ ಕೂಡಬೇಕು ಎಂಬುದೂ ಆಗ ಕಣ್ಣೆದುರೇ ಇರುತ್ತದೆ.

ಕೊನೆಯ ತಪ್ಪು ಸೂಕ್ಷ್ಮವಾದದ್ದು, ಅದನ್ನು ಬಿಡಿಸಿದರೆ ಇಡೀ ವಿಷಯದ ಬೀಗ ತೆರೆದಂತೆ. ಕೆಲವರು ಮೊತ್ತವನ್ನು ಒಂದಂಕಿ ಆಗುವ ತನಕ ಮತ್ತೆ ಮತ್ತೆ ಕೂಡುತ್ತಾರೆ. 445 ತೆಗೆದುಕೊಳ್ಳಿ. 4+4+5 = 13, ಮತ್ತೆ ಕೂಡಿದರೆ 4. ಒಡೆದರೆ 5×89; 5+8+9 = 22, ಮತ್ತೆ ಕೂಡಿದರೆ 4. ಸಮವಾಯಿತೆಂದು 445ನ್ನು ಸೇರಿಸುತ್ತಾರೆ. ಆದರೆ 13 ಬೇರೆ, 22 ಬೇರೆ. 445 ಸ್ಮಿತ್ ಸಂಖ್ಯೆ ಅಲ್ಲ. ಒಂದಂಕಿಗೆ ಇಳಿಸಿದ ಮೊತ್ತ ಸಮವಾಗುವುದು ಅಗತ್ಯ, ಆದರೆ ಅಷ್ಟೇ ಸಾಲದು. ಈ ‘ಅಗತ್ಯ’ ಮತ್ತು ‘ಸಾಲದು’ ಎಂಬ ಎರಡು ಮಾತಿನ ಅಂತರವನ್ನು ಹೈಸ್ಕೂಲಿನಲ್ಲಿ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಅಗತ್ಯ ಏಕೆ? 10ನ್ನು 9ರಿಂದ ಭಾಗಿಸಿದರೆ ಶೇಷ 1. 100, 1000, ಎಲ್ಲಕ್ಕೂ ಶೇಷ 1. ಹಾಗಾಗಿ 445 ಎಂಬ 4 ನೂರು, 4 ಹತ್ತು, 5 ಬಿಡಿ ಸೇರಿದ ಸಂಖ್ಯೆಯನ್ನು 9ರಿಂದ ಭಾಗಿಸಿದರೂ, 4+4+5ನ್ನು 9ರಿಂದ ಭಾಗಿಸಿದರೂ ಒಂದೇ ಶೇಷ. ಯಾವ ಸಂಖ್ಯೆಯೂ ತನ್ನ ಅಂಕಿಗಳ ಮೊತ್ತವೂ 9ರ ಲೆಕ್ಕದಲ್ಲಿ ಒಂದೇ ಶೇಷ ಕೊಡುತ್ತವೆ. 9ರ ಭಾಜ್ಯತೆಯ ನಿಯಮದ ಬೇರು ಇದೇ. ಆದ್ದರಿಂದ ಸ್ಮಿತ್ ಸಂಖ್ಯೆಯಲ್ಲಿ ಅವಿಭಾಜ್ಯ ಅಪವರ್ತನಗಳ ಗುಣಲಬ್ಧವೂ ಅವುಗಳ ಮೊತ್ತವೂ 9ರಿಂದ ಭಾಗಿಸಿದಾಗ ಒಂದೇ ಶೇಷ ಉಳಿಸಲೇಬೇಕು.

ಇದನ್ನು ಎರಡೇ ಅವಿಭಾಜ್ಯಗಳ ಗುಣಲಬ್ಧಕ್ಕೆ ಹಚ್ಚಿ ನೋಡಿ. ಅವು ಅ ಮತ್ತು ಬ ಆಗಿರಲಿ. ಅ×ಬ ಮತ್ತು ಅ+ಬ ಒಂದೇ ಶೇಷ ಕೊಡಬೇಕು. ಅಂದರೆ ಅ×ಬ − ಅ − ಬ ಎಂಬುದು 9ರ ಗುಣಕ (9ರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ). ಅದಕ್ಕೆ 1 ಕೂಡಿದರೆ (ಅ−1)×(ಬ−1) ಆಗುತ್ತದೆ. ಹಾಗಾಗಿ (ಅ−1)×(ಬ−1)ನ್ನು 9ರಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. ಇಷ್ಟೇ ಷರತ್ತು, ಆದರೆ ಇದು ಎಷ್ಟೋ ಸಂಖ್ಯೆಗಳನ್ನು ಒಮ್ಮೆಗೇ ಹೊರಹಾಕುತ್ತದೆ.

7, 13, 19, 31, 37, 43 ಮುಂತಾದ ಅವಿಭಾಜ್ಯಗಳನ್ನು 3ರಿಂದ ಭಾಗಿಸಿದರೆ ಶೇಷ 1. ಅವುಗಳಿಂದ 1 ಕಳೆದರೆ 3ರ ಗುಣಕ ಸಿಗುತ್ತದೆ. 3ರ ಗುಣಕವನ್ನು ಯಾವುದರಿಂದ ಗುಣಿಸಿದರೂ 9ರ ಲೆಕ್ಕದಲ್ಲಿ ಶೇಷ 0, 3 ಅಥವಾ 6 ಬರುತ್ತದೆ, 1 ಬರುವುದೇ ಇಲ್ಲ. ಆದ್ದರಿಂದ ಎರಡೇ ಅವಿಭಾಜ್ಯಗಳಿರುವ ಸ್ಮಿತ್ ಸಂಖ್ಯೆಯಲ್ಲಿ ಇವು ಯಾವುದಕ್ಕೂ ಜಾಗವಿಲ್ಲ. ಇನ್ನು 3: ಅದರಿಂದ 1 ಕಳೆದರೆ 2. ಇನ್ನೊಂದರಿಂದ 1 ಕಳೆದಾಗ ಶೇಷ 5 ಬಂದರೆ ಮಾತ್ರ 2×5 = 10, ಶೇಷ 1. ಆಗ ಆ ಇನ್ನೊಂದು ಅವಿಭಾಜ್ಯ 9ರ ಲೆಕ್ಕದಲ್ಲಿ 6 ಉಳಿಸಬೇಕು. ಅಂಥ ಸಂಖ್ಯೆ 3ರ ಗುಣಕ, ಅವಿಭಾಜ್ಯ ಆಗಲಾರದು. ಹೀಗೆ 3ನ್ನು ಯಾವ ಅವಿಭಾಜ್ಯದಿಂದ ಗುಣಿಸಿದರೂ ಸ್ಮಿತ್ ಸಂಖ್ಯೆ ಎಂದೆಂದೂ ಸಿಗುವುದಿಲ್ಲ. ಒಂದು ಲೆಕ್ಕವನ್ನೂ ಹಾಕಿ ನೋಡದೆ, ಅನಂತ ಸಂಖ್ಯೆಗಳ ಬಗ್ಗೆ ಹೀಗೆ ಖಚಿತವಾಗಿ ಹೇಳಬಹುದು ಎಂಬುದು ಹನ್ನೆರಡು ವರ್ಷದ ಮಗುವಿಗೆ ಗೊತ್ತಾಗಬೇಕಾದ ದೊಡ್ಡ ಸಂಗತಿ.

ಉಳಿದವು 9ರಿಂದ ಭಾಗಿಸಿದಾಗ 2, 5, 8 ಶೇಷ ಕೊಡುವ ಅವಿಭಾಜ್ಯಗಳು. ಲೆಕ್ಕ ಹಾಕಿದರೆ 2ರ ಜೊತೆ 2, 5ರ ಜೊತೆ 8 ಮಾತ್ರ ಹೊಂದುತ್ತವೆ. 2×2 = 4; 5×8 = 40, ಅದರ ಶೇಷವೂ 4. ಅಂದಮೇಲೆ ಎರಡೇ ಅವಿಭಾಜ್ಯಗಳಿರುವ ಪ್ರತಿಯೊಂದು ಸ್ಮಿತ್ ಸಂಖ್ಯೆಯನ್ನೂ ಒಂದಂಕಿಗೆ ಇಳಿಸಿದರೆ 4 ಬರಲೇಬೇಕು. 22, 58, 85, 94, 121, 166, 265, 319, 391, ಯಾವುದನ್ನು ಬೇಕಾದರೂ ಇಳಿಸಿ ನೋಡಿ. ನೂರರೊಳಗೆ ಎರಡು ಅವಿಭಾಜ್ಯಗಳ ಗುಣಲಬ್ಧಗಳು 34 ಇವೆ. ಅವುಗಳಲ್ಲಿ 4ಕ್ಕೆ ಇಳಿಯುವವು ಆರು: 4, 22, 49, 58, 85, 94. ಇವುಗಳಲ್ಲಿ ಐದು ಸ್ಮಿತ್ ಸಂಖ್ಯೆಗಳು. ಬಿದ್ದುಹೋಗುವುದು 49 ಒಂದೇ, ಏಕೆಂದರೆ ಅದು 7×7, ಮತ್ತು 7 ಇಲ್ಲಿಗೆ ಸಲ್ಲದ ಅವಿಭಾಜ್ಯ. ಮೂವತ್ತನಾಲ್ಕನ್ನು ಪರೀಕ್ಷಿಸುವ ಕೆಲಸ ಹೀಗೆ ಆರಕ್ಕೆ ಇಳಿಯಿತು. ಮೂರು ಅಥವಾ ಹೆಚ್ಚು ಅವಿಭಾಜ್ಯಗಳಿದ್ದರೆ ಈ ನಿರ್ಬಂಧ ಇಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು; 483 = 3×7×23 ರಲ್ಲಿ 3 ಇದೆ, 7 ಇದೆ, ಆದರೂ ಎರಡು ಕಡೆಯೂ ಮೊತ್ತ 15.

ಒಂದು ಹೆಜ್ಜೆ ಮುಂದೆ ಹೋದರೆ, 2ರಿಂದ ಗುಣಿಸಿದ ಅವಿಭಾಜ್ಯಗಳಿಗೆ ಪೂರ್ಣ ನಿಯಮವೇ ಸಿಗುತ್ತದೆ. ಒಂದು ಸಂಖ್ಯೆಯನ್ನು ಇಮ್ಮಡಿ ಮಾಡುವಾಗ 0ರಿಂದ 4ರವರೆಗಿನ ಅಂಕಿಗಳು ಸುಮ್ಮನೆ ಇಮ್ಮಡಿಯಾಗುತ್ತವೆ. 5 ಮತ್ತು ಅದಕ್ಕಿಂತ ದೊಡ್ಡ ಅಂಕಿ ಬಂದಾಗ ಕೈಯಲ್ಲಿ ಒಂದು ಉಳಿಯುತ್ತದೆ: ಈ ಸ್ಥಾನದಲ್ಲಿ 10 ಕಡಿಮೆಯಾಗಿ ಮುಂದಿನ ಸ್ಥಾನದಲ್ಲಿ 1 ಹೆಚ್ಚಾಗುತ್ತದೆ, ಅಂದರೆ ಅಂಕಿಗಳ ಮೊತ್ತದಲ್ಲಿ 9 ಇಳಿಯುತ್ತದೆ. ಆದ್ದರಿಂದ ಅವಿಭಾಜ್ಯದ ಅಂಕಿಗಳ ಮೊತ್ತವನ್ನು ಎರಡರಿಂದ ಗುಣಿಸಿ, ಅದರಲ್ಲಿ 5 ಅಥವಾ ಹೆಚ್ಚಿನ ಅಂಕಿಗಳು ಎಷ್ಟಿವೆಯೋ ಅಷ್ಟು 9ಗಳನ್ನು ಕಳೆದರೆ ಇಮ್ಮಡಿಯ ಅಂಕಿಗಳ ಮೊತ್ತ. ಅದು ‘2 + ಅವಿಭಾಜ್ಯದ ಅಂಕಿಗಳ ಮೊತ್ತ’ಕ್ಕೆ ಸಮವಾಗಬೇಕು. ಎರಡೂ ಕಡೆಯಿಂದ ಒಂದು ಮೊತ್ತವನ್ನು ಕಳೆದರೆ ಉಳಿಯುವುದು ಇಷ್ಟು: ಅವಿಭಾಜ್ಯದಲ್ಲಿ ದೊಡ್ಡ ಅಂಕಿ (5ರಿಂದ 9) ಇಲ್ಲದಿದ್ದರೆ ಅಂಕಿಗಳ ಮೊತ್ತ 2 ಇರಬೇಕು, ಒಂದಿದ್ದರೆ 11, ಎರಡಿದ್ದರೆ 20, ಮೂರಿದ್ದರೆ 29. 29ರಲ್ಲಿ ಒಂದು ದೊಡ್ಡ ಅಂಕಿ, ಮೊತ್ತ 11. ಹಾಗಾಗಿ 58 ಸೇರಿತು. 389ರಲ್ಲಿ ಎರಡು, ಮೊತ್ತ 20, 778 ಸೇರಿತು. 443ರ ಮೊತ್ತ 11 ಸರಿ, ಆದರೆ ದೊಡ್ಡ ಅಂಕಿ ಒಂದೂ ಇಲ್ಲ; ಅದರ ಇಮ್ಮಡಿ 886ರ ಮೊತ್ತ 22, ಅಪವರ್ತನಗಳದ್ದು 13, ಬಿದ್ದುಹೋಯಿತು.

500ರೊಳಗೆ 9ರಿಂದ ಭಾಗಿಸಿದಾಗ 2 ಉಳಿಸುವ ಅವಿಭಾಜ್ಯಗಳು 18: 2, 11, 29, 47, 83, 101, 137, 173, 191, 227, 263, 281, 317, 353, 389, 443, 461, 479. ಇವುಗಳಲ್ಲಿ 443 ಒಂದನ್ನು ಬಿಟ್ಟು ಉಳಿದ 17ರ ಇಮ್ಮಡಿಗಳೂ ಸ್ಮಿತ್ ಸಂಖ್ಯೆಗಳೇ. ಸಾವಿರದೊಳಗಿನ 49ರಲ್ಲಿ 17, ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು, ಹೀಗೆ ಒಂದೇ ನಿಯಮದಿಂದ ಕೈಗೆ ಬರುತ್ತವೆ. ಕಂಪ್ಯೂಟರ್ ಬೇಡ, ಸಾವಿರದ ತನಕ ಎಲ್ಲವನ್ನೂ ಒಡೆಯುವುದೂ ಬೇಡ.

‘ಅಂಕಿಗಳ ಮೊತ್ತ ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಬಂದದ್ದು, ಬೇರೆ ಪದ್ಧತಿಯಲ್ಲಿ ಬರೆದರೆ ಈ ಸಾಲೇ ಬದಲಾಗುತ್ತದೆ, ಇದೊಂದು ಆಟ’ ಎಂಬ ಆಕ್ಷೇಪ ಇದೆ. ಮೊದಲ ಭಾಗ ನಿಜ. 22ನ್ನು ಎಂಟರ ಪದ್ಧತಿಯಲ್ಲಿ 26 ಎಂದು ಬರೆಯಬೇಕು, ಮೊತ್ತ 8. ಅಪವರ್ತನಗಳು 2 ಮತ್ತು 13 (ಹನ್ನೊಂದು ಅಲ್ಲಿ 13), ಮೊತ್ತ 6. ಅಲ್ಲಿ 22 ಸ್ಮಿತ್ ಸಂಖ್ಯೆಯಲ್ಲ. ಆದರೆ ಆಟ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಐಬಿಎಂ ಕಂಪನಿಯ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಸಂಖ್ಯೆ ಬರೆಯುವಾಗಿನ ತಪ್ಪನ್ನು ಹಿಡಿಯುವ ವಿಧಾನ ಇಂದು ಡೆಬಿಟ್ ಕಾರ್ಡ್‌ಗಳ ಮೇಲಿನ ಸಂಖ್ಯೆಯಲ್ಲೂ, ಮೊಬೈಲಿನ ಗುರುತಾದ ಐಎಂಇಐ ಸಂಖ್ಯೆಯಲ್ಲೂ ಇದೆ. ಬಲಗಡೆಯಿಂದ ಎರಡನೆಯ, ನಾಲ್ಕನೆಯ, ಆರನೆಯ ಅಂಕಿಗಳನ್ನು ಇಮ್ಮಡಿ ಮಾಡಿ, 10 ಅಥವಾ ಹೆಚ್ಚು ಬಂದರೆ 9 ಕಳೆದು, ಎಲ್ಲವನ್ನೂ ಕೂಡಿದಾಗ 10ರ ಗುಣಕ ಬರಬೇಕು. ಇಮ್ಮಡಿ ಮಾಡಿ 9 ಕಳೆಯುವ ಕೆಲಸ ಮೇಲಿನ ನಿಯಮದಲ್ಲಿ ಬಂದದ್ದೇ. ಬರೀ ಅಂಕಿಗಳನ್ನು ಕೂಡಿದ್ದರೆ 45ನ್ನು 54 ಎಂದು ತಿರುಗಿಸಿ ಬರೆದ ತಪ್ಪು ಗೊತ್ತಾಗುತ್ತಿರಲಿಲ್ಲ. ಪಕ್ಕಪಕ್ಕದ ಎರಡು ಅಂಕಿಗಳ ಅದಲುಬದಲನ್ನು ಈ ವಿಧಾನ ಹಿಡಿಯುತ್ತದೆ. ತಪ್ಪಿಸಿಕೊಳ್ಳುವುದು 09 ಮತ್ತು 90ರ ಅದಲುಬದಲು ಮಾತ್ರ. ಏಕೆ ಎಂದು ಮಕ್ಕಳೇ ಕಂಡುಹಿಡಿಯಲಿ: 9ನ್ನು ಇಮ್ಮಡಿ ಮಾಡಿ 9 ಕಳೆದರೆ ಮತ್ತೆ 9.

ನಮ್ಮ ನೆಲಕ್ಕೂ ಈ ವಿಷಯಕ್ಕೂ ನಿಜವಾದ ಒಂದು ನಂಟಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಕೊರಳಿನ ಮಾಲೆಯಂತೆ ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳ ಲೆಕ್ಕಗಳಿವೆ. 152207×73 = 11111111 ಅವುಗಳಲ್ಲೊಂದು. 139×109 = 15151 ಇನ್ನೊಂದು. ಬರೀ 1ಗಳಿಂದಾದ ಸಂಖ್ಯೆಗಳನ್ನು ಒಡೆಯುವ ಈ ಕೆಲಸವೇ ಸ್ಮಿತ್ ಸಂಖ್ಯೆಗಳ ಸಿದ್ಧಾಂತಕ್ಕೂ ಬೇಕಾಯಿತು. ಓಲ್ಟಿಕರ್ ಮತ್ತು ವೇಲ್ಯಾಂಡ್ ಎಂಬ ಗಣಿತಜ್ಞರು 1983ರಲ್ಲಿ, ಬರೀ 1ಗಳಿಂದಾದ ಅವಿಭಾಜ್ಯ ಸಂಖ್ಯೆಯಿಂದ ಸ್ಮಿತ್ ಸಂಖ್ಯೆಗಳನ್ನು ಕಟ್ಟುವ ದಾರಿ ತೋರಿಸಿದರು. ಅಂಥ ಅವಿಭಾಜ್ಯವನ್ನು 3304ರಿಂದ ಗುಣಿಸಬೇಕು.

ಕೈಯಲ್ಲೇ ಮಾಡಿ ನೋಡಬಹುದು. ಹತ್ತೊಂಬತ್ತು 1ಗಳ ಸಂಖ್ಯೆ ಅವಿಭಾಜ್ಯ. 3304 ಎಂದರೆ 2×2×2×7×59, ಇವುಗಳ ಅಂಕಿಗಳ ಮೊತ್ತ 6+7+14 = 27. ಹತ್ತೊಂಬತ್ತು 1ಗಳ ಮೊತ್ತ 19. ಒಟ್ಟು 46. ಈಗ ಗುಣಲಬ್ಧ: 3304ನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಹತ್ತೊಂಬತ್ತು ಸಲ ಬರೆದು ಕೂಡಬೇಕು. ಬಿಡಿಸ್ಥಾನದಿಂದ ಕಂಬಸಾಲುಗಳ ಮೊತ್ತ 4, 4, 7, ಆಮೇಲೆ ಹದಿನಾರು ಸಾಲುಗಳಲ್ಲಿ 10, ಕೊನೆಗೆ 6, 6, 3. ಎಲ್ಲ ಸೇರಿ 190. ಹದಿನಾರು ಸಲ ಕೈಯಲ್ಲಿ ಒಂದು ಬರುತ್ತದೆ, ಪ್ರತಿ ಸಲ 9 ಇಳಿಯುತ್ತದೆ: 190 − 144 = 46. ಸಂಖ್ಯೆ 3671111111111111110744. ಎರಡು 1ಗಳ 11 ಕೂಡ ಅವಿಭಾಜ್ಯವೇ, ಆದರೆ ಅಲ್ಲಿ ಇದು ನಡೆಯುವುದಿಲ್ಲ. 3304×11 = 36344, ಮೊತ್ತ 20; ಅಪವರ್ತನಗಳದ್ದು 29. ಅಂಕಿಗಳ ಮೊತ್ತ ಹೀಗೆ ಹೊಂದಲು ಕನಿಷ್ಠ ಮೂರು 1ಗಳು ಬೇಕು. ಮಹಾವೀರಾಚಾರ್ಯರ ಎಂಟು 1ಗಳ ಸಂಖ್ಯೆಯಲ್ಲಿ ಬೇರೆ ತೊಡಕು: ಅದು 11×73×101×137, ಅವಿಭಾಜ್ಯವಲ್ಲ. 3304ರಿಂದ ಗುಣಿಸಿದರೆ ಗುಣಲಬ್ಧದ ಮೊತ್ತ 35, ಅಪವರ್ತನಗಳದ್ದು 27+2+10+2+11 = 52. ಬರೀ 1ಗಳಿಂದಾದ ಅವಿಭಾಜ್ಯಗಳು ಅಪರೂಪ (ಮೊದಲ ಐದರಲ್ಲಿ 2, 19, 23, 317, 1031 ಒಂದುಗಳು), ಅವು ಅನಂತವಾಗಿವೆಯೇ ಎಂಬುದನ್ನು ಇನ್ನೂ ಯಾರೂ ಸಾಧಿಸಿಲ್ಲ. ಹಾಗಿದ್ದೂ ಸ್ಮಿತ್ ಸಂಖ್ಯೆಗಳು ಅನಂತ ಎಂದು 1987ರಲ್ಲಿ ಮ್ಯಾಕ್‌ಡೇನಿಯಲ್ ಬೇರೆ ದಾರಿಯಿಂದ ಸಾಧಿಸಿದರು.

ಇದೇ ಗುಂಪಿನ ಬೇರೆ ಅನುಕ್ರಮಗಳನ್ನು ಪತ್ರಿಕೆಗಳು ಒಂದರೊಡನೊಂದು ಬೆರೆಸುವುದುಂಟು. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ.ರಾ. ಕಾಪ್ರೇಕರ್ ಅವರ ಹರ್ಷದ್ ಸಂಖ್ಯೆಗೆ ಅವಿಭಾಜ್ಯಗಳ ಗೊಡವೆಯೇ ಇಲ್ಲ. ಸಂಖ್ಯೆ ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾದರೆ ಸಾಕು. 1729ರ ಮೊತ್ತ 19, 19×91 = 1729, ಆದ್ದರಿಂದ ಅದು ಹರ್ಷದ್. ಆದರೆ 7×13×19 ಎಂದು ಒಡೆದಾಗ ಮೊತ್ತ 21, ಆದ್ದರಿಂದ ಸ್ಮಿತ್ ಅಲ್ಲ. ಭಾಗಲಬ್ಧವೇ ಅವಿಭಾಜ್ಯವಾದರೆ ಅದು ಮೊರಾನ್ ಸಂಖ್ಯೆ: 18, 21, 27, 42, 45. ಮೂರೂ ಗುಣ ಒಟ್ಟಿಗೆ ಇರುವವೂ ಇವೆ: 27, 645, 666. ರೂತ್–ಆರನ್ ಜೋಡಿ ಎಂಬುದು ಇನ್ನೂ ಬೇರೆ, ಅಲ್ಲಿ ಅಂಕಿಗಳ ಮಾತೇ ಬರುವುದಿಲ್ಲ. 714 = 2×3×7×17, 715 = 5×11×13, ಎರಡರ ಅಪವರ್ತನಗಳ ಮೊತ್ತವೂ 29. ಬೇಸ್‌ಬಾಲ್ ಆಟಗಾರ ಬೇಬ್ ರೂತ್‌ನ 714 ಹೋಮ್ ರನ್ ದಾಖಲೆಯನ್ನು ಹ್ಯಾಂಕ್ ಆರನ್ 1974ರಲ್ಲಿ ಮುರಿದಾಗ ಕಾರ್ಲ್ ಪೊಮರೆನ್ಸ್ ಮತ್ತು ಜೊತೆಗಾರರು ಗಮನಿಸಿದ ಜೋಡಿ ಇದು. ಪಕ್ಕಪಕ್ಕದ ಸ್ಮಿತ್ ಸಂಖ್ಯೆಗಳನ್ನು ಸ್ಮಿತ್ ಸೋದರರು ಎನ್ನುತ್ತಾರೆ, ಮೊದಲ ಜೋಡಿ 728 ಮತ್ತು 729. ಸತತ ಮೂರು ಮೊದಲು ಬರುವುದು 73615, 73616, 73617ರಲ್ಲಿ. ಒಡೆದರೆ 5×14723, 2×2×2×2×43×107, 3×53×463. ಮೊತ್ತಗಳು 22, 23, 24.

ಕಂಪ್ಯೂಟರ್ ಇರುವ ಶಾಲೆಗಳಿಗೆ ಎರಡು ಮಾತು. 2ರಿಂದ ಆರಂಭಿಸಿ, ಭಾಜಕದ ವರ್ಗ ಉಳಿದ ಸಂಖ್ಯೆಯನ್ನು ಮೀರುವ ತನಕ ಭಾಗಿಸುತ್ತ ಹೋಗುವ ಪ್ರೋಗ್ರಾಮಿನಲ್ಲಿ, ಕೊನೆಗೆ ಉಳಿಯುವ 1ಕ್ಕಿಂತ ದೊಡ್ಡ ಸಂಖ್ಯೆಯೂ ಒಂದು ಅವಿಭಾಜ್ಯ ಅಪವರ್ತನ. ಅದನ್ನು ಕೂಡಲು ಮರೆತರೆ 22ರಲ್ಲಿ 11 ಬಿಟ್ಟುಹೋಗಿ ಮೊತ್ತ 2 ಬರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಭಾಗಿಸಲು ಒಂದು ಓರೆಗೀಟು ಹಾಕಿದರೆ ಉತ್ತರ ದಶಮಾಂಶವಾಗುತ್ತದೆ, ಅದರ ಅಂಕಿಗಳನ್ನು ಕೂಡಲು ಹೋದಾಗ ಚುಕ್ಕಿ ಅಡ್ಡ ಬರುತ್ತದೆ. ಎರಡು ಓರೆಗೀಟು ಹಾಕಬೇಕು. ಎಕ್ಸೆಲ್ ಹದಿನೈದು ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಮೇಲಿನ 22 ಅಂಕಿಯ ಸಂಖ್ಯೆಯನ್ನು ಅಲ್ಲಿ ಹಾಕಿದರೆ ಕೊನೆಯ ಏಳು ಅಂಕಿಗಳು ಸೊನ್ನೆಯಾಗುತ್ತವೆ. ಪೈಥಾನ್‌ಗೆ ಆ ಮಿತಿ ಇಲ್ಲ. ಪ್ರೋಗ್ರಾಮ್ ಸರಿಯಿದೆಯೇ ಎಂದು ತಿಳಿಯಲು 6, 49, 376 ಎಂಬ ಎಣಿಕೆಗಳನ್ನು ತಾಳೆ ನೋಡಿ. ನೂರರೊಳಗೆ 31 ಬಂದರೆ 25 ಅವಿಭಾಜ್ಯಗಳನ್ನು ಹೊರಗಿಡಲು ಮರೆತಿದ್ದೀರಿ. 5 ಬಂದು, ಅದರಲ್ಲಿ 84 ಇದ್ದರೆ ಮರುಕಳಿಸುವ ಅಪವರ್ತನಗಳನ್ನು ಒಂದೇ ಸಲ ಕೂಡಿದ್ದೀರಿ.

ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಅನುಕ್ರಮವನ್ನು ಅಚ್ಚು ಮಾಡುವಾಗ ನಿಯಮ ಪೂರ್ತಿ ಇರಲಿ, ಮೊದಲ ಆರೇಳು ಪದಗಳಿರಲಿ, ಸೇರುವಂತೆ ಕಂಡು ಸೇರದ ಒಂದು ಸಂಖ್ಯೆಯಾದರೂ ಇರಲಿ. ನೀಲ್ ಸ್ಲೋನ್ 1964ರಲ್ಲಿ ಸಂಗ್ರಹಿಸಲು ತೊಡಗಿ 1996ರಲ್ಲಿ ಅಂತರ್ಜಾಲಕ್ಕೆ ತಂದ ಪೂರ್ಣಾಂಕ ಅನುಕ್ರಮಗಳ ವಿಶ್ವಕೋಶದಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ ಇದೆ. ಸ್ಮಿತ್ ಸಂಖ್ಯೆಗಳದ್ದು ಎ006753, ಹರ್ಷದ್ ಸಂಖ್ಯೆಗಳದ್ದು ಎ005349. ಆ ಗುರುತನ್ನು ಬರಹದ ಕೊನೆಗೆ ಕೊಟ್ಟರೆ ಶಿಕ್ಷಕರು ತಾವೇ ತಾಳೆ ನೋಡಬಹುದು. ಉದ್ದದ ಸಂಖ್ಯೆಗಳು ಸಾಲಿನ ಕೊನೆಯಲ್ಲಿ ತುಂಡಾಗದಂತೆ ಪುಟ ಕಟ್ಟುವವರು ನೋಡಿಕೊಳ್ಳಲಿ.

ಮುಂದಿನ ವಿದ್ಯಾರ್ಥಿ ಪುಟಕ್ಕೆ ಎಂಟು ಸಂಖ್ಯೆಗಳನ್ನು ಕಳಿಸುತ್ತಿದ್ದೇನೆ: 319, 413, 437, 501, 588, 825, 913, 1111. ಉತ್ತರ ಬೇರೆ ದಿನ ಅಚ್ಚಾಗಲಿ; ತಮಗಾಗಿ ಇಲ್ಲಿ ಬರೆದಿದ್ದೇನೆ. 413ರಲ್ಲಿ (7×59) 7, 437ರಲ್ಲಿ (19×23) 19, 501ರಲ್ಲಿ (3×167) 3 ಇರುವುದರಿಂದ, ಎರಡೇ ಅವಿಭಾಜ್ಯಗಳಿರುವ ಈ ಮೂರೂ ಕೂಡಿ ನೋಡದೆಯೇ ಹೊರಗೆ. 319ಕ್ಕೆ ಎರಡು ಕಡೆಯೂ 13, 588ಕ್ಕೆ (2×2×3×7×7) 21, 825ಕ್ಕೆ (3×5×5×11) 15, 913ಕ್ಕೆ (11×83) 13, 1111ಕ್ಕೆ (11×101) 4.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕ